ವಾಪಸ್ ಬಾರದ ಲೈನ್ ಕ್ಲಿಯರ್

“ಎಲ್ಲಿದ್ರಿ ಇಷ್ಟು ದಿನ?”

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಎದೆ ಧಸಕ್ಕೆಂದಿತು. ಹೊರಗೆ ಗುಡುಗು ಉರುಳುತ್ತಿತ್ತು. ಮೇಜಿನ ಮೇಲಿನ ಹಳೇ ಕಪ್ಪು ಫೋನಿನೊಳಗೆ ಕಾದ ಎಣ್ಣೆಗೆ ನೀರು ಬಿದ್ದಂಥ ಚಟಪಟ. ಆ ಸದ್ದಿನ ಆಚೆಯಿಂದ ಒಂದು ಗಂಡುದನಿ, ಓಡಿ ಬಂದವರ ಏದುಸಿರಿನಲ್ಲಿ, “ಹಲೋ, ನಾನು” ಎಂದಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಆ ಕಡೆಯ ದನಿ ಬಲು ವಿನಯದಿಂದ ಹೇಳಿತು. “ನಿನ್ನೆ ತಾನೇ ವರ್ಗ ಆಗಿ ಬಂದೆ, ಮೇಡಂ. ಅದಕ್ಕೆ ಮುಂಚೆ ಎಲ್ಲಿದ್ದೆ ಅಂತ ಬೇಕಿದ್ರೆ ಸಾವಕಾಶವಾಗಿ ಹೇಳ್ತೀನಿ. ಈಗ ಮಾರ್ಕೆಟ್ ಲೈನಿಗೆ ಲೈನ್ ಕ್ಲಿಯರ್ ಬೇಕಿತ್ತು.”

ಅವಳ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಬಿಡದ ಭೂಮಿಯ ಮೇಲೆ ಎದ್ದು ನಿಂತು, ಮಾರ್ಕೆಟ್ ಲೈನಿನ ಸ್ವಿಚ್ಚು ಎಳೆದು, ಕೆಂಪು ಬೋರ್ಡು ನೇತುಹಾಕಿ ಬಂದಳು.

“ಆಫ್ ಆಗಿದೆ. ಬೋರ್ಡು ಹಾಕಿದೀನಿ. ನಿಮ್ಮ ಮಾತು, ಬಕೆಟ್.”

“ಬಕೆಟ್” ಎಂದು ಅವನು ಗಂಭೀರವಾಗಿ ಹೇಳಿ ಫೋನಿಟ್ಟ.

ಅವಳು ಊರಂಚಿನ ವಿದ್ಯುತ್ ಸಬ್‌ಸ್ಟೇಷನ್ನಿನ ಆಪರೇಟರ್. ಯಾವ ಬೀದಿಗೆ ಕರೆಂಟು ಬರಬೇಕು, ಯಾವ ಬೀದಿಯದು ಹೋಗಬೇಕು ಎನ್ನುವ ಸ್ವಿಚ್ಚುಗಳೆಲ್ಲ ಅವಳ ಬೆನ್ನ ಹಿಂದೆ ಸಾಲಾಗಿ ನಿಂತಿದ್ದವು. ಲೈನ್‌ಮ್ಯಾನ್ ತಂತಿ ಮುಟ್ಟುವ ಮುಂಚೆ ಅವಳನ್ನು ಕೇಳಬೇಕು. ಅವಳು ಆ ಲೈನು ಆಫ್ ಮಾಡಿ, ಸ್ವಿಚ್ಚಿಗೆ ‘ಜನ ಕೆಲಸದಲ್ಲಿದ್ದಾರೆ’ ಎಂಬ ಬೋರ್ಡು ತೂಗಿಸಿ, ಅನುಮತಿ ಕೊಡುತ್ತಾಳೆ. ಅದೇ ಲೈನ್ ಕ್ಲಿಯರ್. ಅದರ ಜೊತೆಗೆ ಗುರುತಿಗೆ ಒಂದು ಮಾತು ಕೊಡುತ್ತಾಳೆ, ಕೆಲಸಕ್ಕೆ ಸಂಬಂಧವೇ ಇಲ್ಲದ ಯಾವುದೋ ಒಂದು ಪದ. ಕೆಲಸ ಮುಗಿಸಿ ನೆಲಕ್ಕಿಳಿದ ಮೇಲೆ ಅದೇ ಮನುಷ್ಯ ಅದೇ ಪದವನ್ನು ತಿರುಗಿ ಹೇಳಬೇಕು. ಆಮೇಲಷ್ಟೇ ಅವಳು ಬೋರ್ಡು ತೆಗೆದು ಲೈನ್ ಚಾರ್ಜ್ ಮಾಡುವುದು, ಅಂದರೆ ಮತ್ತೆ ಕರೆಂಟು ಬಿಡುವುದು. ಗುಡುಗಿನಲ್ಲಿ ಎಲ್ಲರ ದನಿಯೂ ಒಂದೇ ತರಹ ಕೇಳುತ್ತದೆ, ದನಿಯನ್ನು ನಂಬಬೇಡ, ಪದವನ್ನು ನಂಬು ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿದ್ದರು. ಇವತ್ತು ಅವಳು ದನಿಯನ್ನು ನಂಬಿಬಿಟ್ಟಿದ್ದಳು.

ಸಂಜೆ ಆ ದನಿಯ ಒಡೆಯ ಖುದ್ದಾಗಿ ಬಂದ. ಬಾಗಿಲಿಗಿಂತ ಎತ್ತರ. ಜೊತೆಯವರು ಅವನಿಗೆ ಬಂದ ದಿನವೇ ಏಣಿ ಎಂದು ಹೆಸರಿಟ್ಟಿದ್ದರು. ತಲೆ ಬಗ್ಗಿಸಿ ಒಳಗೆ ಬಂದು, ರೆಪ್ಪೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಅವಳನ್ನು ನೋಡಿದ. ಎವೆಯಿಕ್ಕದೆ ನೋಡುವ ಜಾತಿಯಲ್ಲ. ನೋಡಿ, ಬೇರೆಡೆ ನೋಡಿ, ಮತ್ತೆ ಮೊದಲಿನ ಕಡೆಗೇ ಬರುವ ಕಣ್ಣು.

“ಬಕೆಟ್ ಹೊತ್ಕೊಂಡು ಕಂಬ ಹತ್ತಿದೆ, ಮೇಡಂ. ಒಂದು ಕೈ ಅದಕ್ಕೇ ಹೋಯ್ತು. ನಾಳೆ ಏನಾದ್ರೂ ಹಗುರವಾದ್ದು ಕೊಡಿ.”

ಅವಳು ನಗಲಿಲ್ಲ. “ವಾಪಸ್ ತಗೊಂಡೆ. ನೀವು ಹೊರಡಬಹುದು” ಎಂದಳು. ಎಲ್ಲರಿಗೂ ಹೇಳುವ ಮಾತೇ ಅದು. ಅವನು ಹೋದ ಮೇಲೆ ನೋಡಿದರೆ ಪೆನ್ನಿನ ಮುಚ್ಚಳದ ತುಂಬ ಅವಳ ಹಲ್ಲಿನ ಗುರುತಿತ್ತು.

ಆ ವಾರ ಬೇಸಿಗೆ ಹುಚ್ಚು ಹಿಡಿದ ಹಾಗೆ ವರ್ತಿಸಿತು. ಬೆಳಗ್ಗೆ ಎದ್ದರೆ ಬಿಸಿಲಲ್ಲ, ಬೆಂಕಿ. ಅಂಗಳದ ಜಲ್ಲಿಕಲ್ಲು ಕಾದು, ಟ್ರಾನ್ಸ್‌ಫಾರ್ಮರುಗಳು ದನಿ ಏರಿಸಿ ಗುಂಯ್‌ಗುಡುತ್ತಿದ್ದವು. ಊರಿನ ಫ್ಯಾನು, ಕೂಲರುಗಳೆಲ್ಲ ಒಟ್ಟಿಗೆ ಜೀವ ಬಿಟ್ಟು ಓಡುತ್ತಿದ್ದುದು ಅವಳ ಮೀಟರುಗಳ ಮುಳ್ಳಿನಲ್ಲಿ ಕಾಣುತ್ತಿತ್ತು. ಮಧ್ಯಾಹ್ನ ದಾಟುತ್ತಲೇ ಆಕಾಶ ಕಪ್ಪಾಗಿ, ಗುಡುಗು ಸಿಡಿಲಿನ ಜೊತೆ ಮಳೆ ಬಿದ್ದು, ಒಂದಷ್ಟು ಮರ ಕೆಡವಿ ಹೋಗುತ್ತಿತ್ತು. ತಂಪಾಯಿತೆಂದು ಕಿಟಕಿ ತೆರೆದರೆ ನೆಲದಿಂದ ಹಬೆ ಎದ್ದು ಮುಖಕ್ಕೆ ರಾಚುತ್ತಿತ್ತು. ಮರುದಿನ ಬಿಸಿಲು ಇನ್ನಷ್ಟು, ಮಳೆಯೂ ಇನ್ನಷ್ಟು. ನದಿ ದಿನದಿನಕ್ಕೆ ದಂಡೆಯ ಮೆಟ್ಟಿಲು ನುಂಗುತ್ತಾ ಬಂತು.

ಮಳೆ ಶುರುವಾದರೆ ಮೊದಲು ಮಲಗುವುದು ಮೊಬೈಲು. ಆಗ ಕಂಬದ ಬುಡದ ಪೆಟ್ಟಿಗೆಗಳಲ್ಲಿದ್ದ ಹಳೇ ಫೋನುಗಳೇ ಗತಿ. ಹಾಗಾಗಿ ಏಣಿಯ ದನಿ ದಿನಾ ಆ ಚಟಪಟದೊಳಗಿಂದಲೇ ಬರುತ್ತಿತ್ತು. ಎರಡನೇ ದಿನ ಅವಳು “ಇಟ್ಟಿಗೆ” ಎಂದಳು.

“ಬೇಕೂಂತಲೇ ಕೊಟ್ರಿ” ಎಂದ ಅವನು.

“ರೂಲ್ಸ್ ಪ್ರಕಾರ ಯಾವ ಮಾತಾದ್ರೂ ಕೊಡಬಹುದು.”

“ರೂಲ್ಸ್ ಬರೆದವರು ಕಂಬ ಹತ್ತಿಲ್ಲ ಬಿಡಿ.”

ಅವಳಿಗೆ ನಗು ಬಂತು. ಬಂದದ್ದು ಅವನಿಗೆ ಕೇಳಿಸದಿರಲೆಂದು ಫೋನಿನ ಬಾಯಿಗೆ ಅಂಗೈ ಮುಚ್ಚಿದಳು. ಮರುದಿನ ಅವನು ಕರೆ ಮಾಡುವ ಮೊದಲೇ ಕೂತು ಯೋಚಿಸಿದ್ದಳು ಎಂದರೆ ನಂಬಬೇಕು. ಕರೆ ಬಂದಾಗ ಆಗ ತಾನೇ ಹೊಳೆದವಳ ಹಾಗೆ, “ನವಿಲುಗರಿ” ಎಂದಳು.

ಆ ಕಡೆ ಬಹಳ ಹೊತ್ತು ಬರೀ ಚಟಪಟ. ಕೊನೆಗೆ ಅವನು ಮೆಲ್ಲಗೆ, “ಇದನ್ನ ವಾಪಸ್ ಕೊಡಲೇಬೇಕಾ, ಮೇಡಂ?” ಎಂದ.

ಇಷ್ಟರಲ್ಲೇ ಆಗಬಾರದ್ದು ಆಯಿತು. ಏಣಿಯ ಕೆಲಸ ಮುಗಿದು, ನವಿಲುಗರಿ ವಾಪಸ್ ಬಂದು, ಲೈನ್ ಚಾರ್ಜ್ ಆಗಿತ್ತು. ಯಾರೂ ಕಂಬದ ಮೇಲಿರಲಿಲ್ಲ. ಆಗ ಕಪ್ಪು ಫೋನು ಅರ್ಧ ಬಾರಿಸಿ ನಿಂತಿತು. ಅವಳು ಎತ್ತಿದಳು. ಉಸಿರು. ಇಳಿದು ನಿಂತವರ ದಣಿದ ಉಸಿರು. ಅದು ಅವಳಿಗೆ ಹೊಸದಲ್ಲ. ಆದರೆ ಈ ಸಲ ಉಸಿರಿನ ಕೊನೆಯಲ್ಲಿ ಒಂದು ಮಾತಿತ್ತು.

“ಆಯ್ತು.”

ಅವಳು ಫೋನನ್ನು ಮೆಲ್ಲಗೆ, ನಿದ್ದೆ ಹೋದ ಕೂಸನ್ನು ಮಲಗಿಸಿದಂತೆ, ಕೆಳಗಿಟ್ಟಳು.

ಮನೆಯಲ್ಲಿ ಅತ್ತೆ ಪೇಪರ್ ಮಡಚಿ ಗಾಳಿ ಹಾಕಿಕೊಳ್ಳುತ್ತಾ ಮಂಚದ ಮೇಲೆ ಕಾಲು ಚಾಚಿದ್ದರು. ಮನೆ ಇದ್ದದ್ದು ನದಿಯ ಪಕ್ಕದ ತಗ್ಗಿನ ಬೀದಿಯಲ್ಲಿ. ಮೂರು ದಿನದ ಬಟ್ಟೆ ಒಣಗದೆ ಕೋಣೆಯ ಉದ್ದಕ್ಕೂ ಹಗ್ಗದ ಮೇಲೆ ನೇತಾಡುತ್ತಿತ್ತು. ಸೊಸೆಯ ಮುಖ ಕಂಡದ್ದೇ ಅತ್ತೆಯ ಕೈಯಲ್ಲಿನ ಪೇಪರ್ ನಿಂತಿತು.

“ಫೋನ್ ಬಂತಾ?”

“ಬಂತು.”

“ಏನಾದ್ರೂ ಅಂದ್ನಾ, ಇಲ್ಲ ಬರೀ ಉಸಿರೇನಾ?”

“‘ಆಯ್ತು’ ಅಂದ್ರು.”

ಅತ್ತೆ ಪೇಪರನ್ನು ಮಡಿಲಲ್ಲಿಟ್ಟರು. “ಮೊದಲಿಂದಲೂ ಹಾಗೇ ಅವನು” ಎಂದರು. “ಒಂದು ಮಾತಿಗೆ ಮುಂಚೆ ಅರ್ಧ ಗಂಟೆ ಗಂಟಲು ಸರಿ ಮಾಡ್ಕೋತಾನೆ. ಈಗ ಆರು ವರ್ಷ ತಗೊಂಡ.”

ಅವಳ ಗಂಡ, ಅತ್ತೆಯ ಒಬ್ಬನೇ ಮಗ, ಇದೇ ಸಬ್‌ಸ್ಟೇಷನ್ನಿನ ಲೈನ್‌ಮ್ಯಾನ್. ಆರು ವರ್ಷದ ಹಿಂದೆ ಇಂಥದ್ದೇ ಒಂದು ಬೇಸಿಗೆಯ ಗುಡುಗಿನಲ್ಲಿ ಅವಳಿಂದಲೇ ಲೈನ್ ಕ್ಲಿಯರ್ ತೆಗೆದುಕೊಂಡು ಹೋಗಿದ್ದ. ತಂತಿ ಅವನನ್ನು ಕೊಲ್ಲಲಿಲ್ಲ. ಲೈನು ಆಫ್ ಆಗೇ ಇತ್ತು. ಕೆಲಸ ಮುಗಿಸಿ, ಇಳಿದು, ಫೋನಿನ ಪೆಟ್ಟಿಗೆಯ ಕಡೆ ನಡೆಯುತ್ತಿದ್ದವನು ಮಳೆಗೆಂದು ಒಂದು ಮರದ ಕೆಳಗೆ ನಿಂತ. ಸಿಡಿಲು ಆ ಮರಕ್ಕೇ ಬಡಿಯಿತು. ಅವಳು ಸಂಜೆಯವರೆಗೆ ಫೋನಿನ ಮುಂದೆ ಕೂತಿದ್ದಳು. ಕೊನೆಗೆ ಸಾಹೇಬರು, ಅಂದರೆ ಇಂಜಿನಿಯರು, ತಾವೇ ಬಂದು ಲೈನ್ ಕ್ಲಿಯರ್ ರದ್ದು ಮಾಡಿ ಬೋರ್ಡು ತೆಗೆದರು. ರದ್ದಾದದ್ದು ಬೇರೆ, ವಾಪಸ್ ಬಂದದ್ದು ಬೇರೆ. ಅವಳ ಮಟ್ಟಿಗೆ ಅವನಿನ್ನೂ ಕೆಲಸದ ಮೇಲೇ ಇದ್ದ. ಅವತ್ತಿಂದ ಗುಡುಗಿದಾಗಲೆಲ್ಲ ಫೋನು ಅರ್ಧ ಬಾರಿಸುತ್ತಿತ್ತು. ಅತ್ತೆಗೆ ಬಿಟ್ಟು ಇನ್ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ. ಅವತ್ತು ತಾನು ಕೊಟ್ಟಿದ್ದ ಮಾತು ಯಾವುದೆಂದು ಅತ್ತೆಗೂ ಹೇಳಿರಲಿಲ್ಲ. ಬೆಳಗ್ಗೆ ಜಗಳವಾಡಿ, ಮೂಗಿನ ತುದಿಯ ಕೋಪದಲ್ಲಿ ಕೊಟ್ಟ ಮಾತು ಅದು.

ಮರುದಿನ ಏಣಿ ಕರೆ ಮಾಡಿದಾಗ ಅವಳು “ಸಿಮೆಂಟು” ಎಂದಳು.

ಅವನು ತಮಾಷೆ ಮಾಡಲಿಲ್ಲ. ಸಂಜೆ ಬಂದು ಬಾಗಿಲಲ್ಲೇ ನಿಂತ. ಒದ್ದೆ ಕೂದಲು ಹಣೆಗೆ ಅಂಟಿತ್ತು. “ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ನಿಮ್ಮಿಂದ ಏನೂ ಆಗಿಲ್ಲ.”

“ಮತ್ತೆ ನವಿಲುಗರಿಯಿಂದ ಸೀದಾ ಸಿಮೆಂಟಿಗೆ ಬಂದ್ರಲ್ಲ.”

ಅವಳು ಮೀಟರುಗಳ ಕಡೆ ತಿರುಗಿಕೊಂಡಳು. ಮೀಟರಿನ ಗಾಜಿನಲ್ಲಿ ಅವನ ಮುಖ ಸಣ್ಣಗೆ ಕಾಣುತ್ತಿತ್ತು, ಅದನ್ನೇ ನೋಡುತ್ತಾ ಹೇಳಿದಳು. “ನನ್ನ ಯಜಮಾನರೂ ಲೈನ್‌ಮ್ಯಾನ್ ಆಗಿದ್ರು.”

“ಗೊತ್ತು, ಮೇಡಂ. ಬಂದ ದಿನವೇ ಆ ಮರ ತೋರಿಸಿದ್ರು. ಈಗ ಬುಡ ಮಾತ್ರ ಇದೆ.”

“ಮೊದಲ ದಿನ ಫೋನಲ್ಲಿ ನಿಮ್ಮನ್ನ ಎಲ್ಲಿದ್ರಿ ಅಂತ ಕೇಳಿದೆ. ಅದು ನಿಮಗೆ ಕೇಳಿದ್ದಲ್ಲ.”

“ಅದೂ ಗೊತ್ತಾಯ್ತು.” ಅವನು ಹಣೆಯ ಕೂದಲನ್ನು ಹಿಂದಕ್ಕೆ ತಳ್ಳಿದ. “ಆದ್ರೂ ನನ್ನ ಜನ್ಮದಲ್ಲಿ ಯಾರೂ ಅಷ್ಟು ಪ್ರೀತಿಯಿಂದ ಕೇಳಿರಲಿಲ್ಲ. ಕದ್ದ ಮಾತು ಅಂತ ಗೊತ್ತಿದ್ರೂ ಇಟ್ಕೊಂಡಿದೀನಿ.”

ಗಾಜಿನೊಳಗಿನ ಸಣ್ಣ ಮುಖ ತಲೆ ತಗ್ಗಿಸಿತು. ಅವನನ್ನು ನಿಲ್ಲಿಸಬೇಕೆಂದು ಅವಳಿಗೆ ಜೀವ ಬಡಿದುಕೊಂಡಿತು. ನಿಲ್ಲಿಸಿದರೆ ನಾಳೆ ಮತ್ತೆ ಇನ್ನೊಬ್ಬನನ್ನು ಕಂಬ ಹತ್ತಿಸಿ ಫೋನಿನ ಮುಂದೆ ಕೂರಬೇಕು. ಅದು ತನ್ನಿಂದ ಆಗದು ಎನಿಸಿತು. “ನೀವು ಹೊರಡಬಹುದು” ಎಂದಳು.

ಅತ್ತೆ ಅವತ್ತು ಅವಳನ್ನು ನೋಡಿ, ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು. “ಆ ಹುಡುಗನಿಗೆ ಏನಂದೆ?”

“ಯಾವ ಹುಡುಗ?”

“ಏಣಿಯೋ, ಕೋಣಿಯೋ, ನೀನೇ ದಿನಾ ಹೇಳ್ತಿದ್ದೆಯಲ್ಲ. ಮೂರು ದಿನದಿಂದ ಒಲೆ ಮುಂದೆ ನಿಂತು ಒಬ್ಬಳೇ ನಗ್ತಿದ್ದೆ. ಇವತ್ತು ಮುಖ ಗಂಟಿಕ್ಕಿದೀಯ. ನನಗೆ ಮಂಡಿ ಹೋಗಿದೆ, ಕಣ್ಣು ಹೋಗಿಲ್ಲ.”

“ಅವರಿನ್ನೂ ಫೋನ್ ಮಾಡ್ತಿದಾರೆ, ಅತ್ತೆ.”

“ಮಾಡ್ಲಿ. ಹೋದವನು ನನ್ನ ಮಗ. ನೀನು ಹೋಗಿಲ್ಲ.” ಇಷ್ಟು ಹೇಳಿ ಅತ್ತೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ವಾರದ ಕೊನೆಗೆ ಬಿಸಿಲು ಎಷ್ಟಿತ್ತೆಂದರೆ ಕಾಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಮಧ್ಯಾಹ್ನಕ್ಕೆ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರೆಂದು ಸುದ್ದಿ ಬಂತು. ಅದರ ಬೆನ್ನಿಗೇ ಮೋಡ. ತಗ್ಗಿನ ಬೀದಿಗಳಿಗೆ ನೀರು ನುಗ್ಗಿದರೆ ಅದನ್ನು ನದಿಗೇ ಎತ್ತಿ ಹಾಕಲು ದಂಡೆಯ ಮೇಲೊಂದು ಪಂಪ್‌ಹೌಸ್ ಇತ್ತು. ಮೊದಲ ಗಾಳಿಗೇ ಆ ಪಂಪ್‌ಹೌಸಿನ ಲೈನಿನ ಮೇಲೆ ಕೊಂಬೆ ಬಿದ್ದು ತಂತಿ ಹರಿಯಿತು.

ಏಣಿ ಈ ಸಲ ಫೋನ್ ಮಾಡದೆ ತಾನೇ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗಮ್‌ಬೂಟು ಏರಿಸಿಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದ. ಅವಳು ಸ್ವಿಚ್ಚು ಎಳೆದಳು, ಬೋರ್ಡು ಹಾಕಿದಳು. ಮಾತು ಕೊಡುವಾಗ ಅವಳ ಕಣ್ಣು ಹೊಸ್ತಿಲಾಚೆ ಹೋಯಿತು. ಒಂದು ನೆಟ್ಟಗೆ, ಒಂದು ಮಗುಚಿ ಬಿದ್ದಿದ್ದ ಅವನ ದೊಡ್ಡ ಚಪ್ಪಲಿಗಳು.

“ಚಪ್ಪಲಿ” ಎಂದಳು.

“ಸಿಮೆಂಟಿಗಿಂತ ವಾಸಿ” ಎಂದ ಅವನು. ಆ ಸಿಮೆಂಟಿನ ದಿನದಿಂದ ಮೊದಲ ಸಲ ಅವನ ಮುಖದಲ್ಲಿ ನಗು ಸುಳಿಯಿತು.

“ಇಲ್ಲೇ ಬಿಟ್ಟು ಹೋಗ್ತಿದೀರಿ. ಬಂದು ಹಾಕ್ಕೊಳ್ಳಿ.”

ಅವನು ನೋಡಿದ, ಬೇರೆಡೆ ನೋಡಿದ, ಮತ್ತೆ ಅವಳನ್ನೇ ನೋಡಿದ. ಮಳೆಯೊಳಗೆ ಇಳಿದು ಹೋದ. ಅವಳು ಹೊರಗೆ ಬಂದು ಆ ಚಪ್ಪಲಿಗಳನ್ನು ಎತ್ತಿ ಒಳಗೆ, ಗೋಡೆ ಪಕ್ಕ, ಜೋಡಿಸಿಟ್ಟಳು.

ಮಳೆ ಹೆಚ್ಚಿತು. ಹಗಲೇ ದೀಪ ಹಚ್ಚುವಷ್ಟು ಕತ್ತಲೆ. ಮೊಬೈಲು ಸತ್ತಿತ್ತು. ಪಂಪ್‌ಹೌಸಿನವರು ಕಪ್ಪು ಫೋನಿಗೆ ಕರೆ ಮಾಡಿ ಗೋಗರೆದರು. “ನೀರು ಬೀದಿಗೆ ಬಂತಮ್ಮಾ. ಪಂಪ್ ತಿರುಗಿಸದಿದ್ರೆ ಮನೆಗಳು ಹೋಗ್ತವೆ.”

“ಕೆಲಸ ನಡೀತಿದೆ. ಅವರು ವಾಪಸ್ ಕೊಟ್ಟ ತಕ್ಷಣ ಕೊಡ್ತೀನಿ.”

ಸಾಹೇಬರು ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಗಡಿಯಾರ ನೋಡಿದರು, ಬೋರ್ಡು ನೋಡಿದರು. “ಒಂದು ತಂತಿ ಕಟ್ಟೋಕೆ ಇಷ್ಟು ಹೊತ್ತಾ? ಯಾವಾಗಲೋ ಇಳಿದಿರ್ತಾನೆ. ಪೆಟ್ಟಿಗೆ ಫೋನು ಮುಳುಗಿರುತ್ತೆ, ಮಾಡೋಕೆ ಆಗಿರಲ್ಲ. ಚಾರ್ಜ್ ಮಾಡಿ.”

“ಮಾತು ಬಂದಿಲ್ಲ, ಸರ್.”

ಅಷ್ಟರಲ್ಲಿ ಫೋನು ಬಾರಿಸಿತು. ಅರ್ಧವಲ್ಲ, ಪೂರ್ತಿ. ಅವಳು ಎರಡೂ ಕೈಯಲ್ಲಿ ಎತ್ತಿದಳು. ಚಟಪಟ. ಏದುಸಿರು.

“ಆಯ್ತು. ಇಳಿದಿದೀನಿ. ಲೈನ್ ಮೇಲೆ ಯಾರೂ ಇಲ್ಲ. ಚಾರ್ಜ್ ಮಾಡು.”

ಆರು ವರ್ಷದಿಂದ ಯಾವ ದನಿಗಾಗಿ ಅವಳು ಗುಡುಗಿದಾಗಲೆಲ್ಲ ಕಿವಿ ಕೊಟ್ಟು ಕೂತಿದ್ದಳೋ ಆ ದನಿ. ಏಣಿಯದೂ ಇರಬಹುದು. ಗುಡುಗಿನಲ್ಲಿ ಎಲ್ಲ ದನಿಯೂ ಒಂದೇ. ಅವಳು ತುಟಿ ಒದ್ದೆ ಮಾಡಿಕೊಂಡು ಕೇಳಿದಳು.

“ನಿಮ್ಮ ಮಾತು ಹೇಳಿ.”

ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ, ನಗುವನ್ನು ತಡೆದುಕೊಂಡವರ ಹಾಗೆ, ದನಿ ಹೇಳಿತು. “ಮೆಣಸಿನಕಾಯಿ.”

ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿದ್ದಕ್ಕೆ ಶುರುವಾದ ಜಗಳ ಅದು. ಮಧ್ಯಾಹ್ನ ಅವನು ಲೈನ್ ಕ್ಲಿಯರ್ ಕೇಳಿದಾಗಲೂ ಅವಳ ಕೋಪ ಇಳಿದಿರಲಿಲ್ಲ. “ಮೆಣಸಿನಕಾಯಿ” ಎಂದಿದ್ದಳು. “ವಾಪಸ್ ಕೊಡುವಾಗ ಸಕ್ಕರೆ ಹಚ್ಚಿ ಕೊಡ್ತೀನಿ” ಎಂದು ಅವನು ನಕ್ಕಿದ್ದ. ಈ ಲೋಕದಲ್ಲಿ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರದ ಮಾತು.

“ಅವನೇನಾ?” ಸಾಹೇಬರು ಹತ್ತಿರ ಬಂದರು. “ಮಾತು ಹೇಳಿದ್ನಾ?”

ಅವಳು ಅವರಿಗೆ ಬೆನ್ನು ತಿರುಗಿಸಿದಳು. ಗಂಡ ಇಷ್ಟು ವರ್ಷ ಅವಳನ್ನು ಕಾಡಲು ಬರುತ್ತಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಕೆಲಸ ಮುಗಿದಿತ್ತು, ಹೇಳಿ ಹೋಗಬೇಕಿತ್ತು, ಅಷ್ಟೇ. ಅವಳು ಫೋನಿಗೆ ಬಾಯಿ ಹತ್ತಿರ ತಂದು, ತನ್ನ ಕೆಲಸದ ದನಿಯಲ್ಲೇ ಹೇಳಲು ನೋಡಿದಳು. ದನಿ ಒಡೆಯಿತು.

“ಮಾತು ಸರಿಯಾಗಿದೆ. ನಿಮ್ಮ ಲೈನ್ ಕ್ಲಿಯರ್ ವಾಪಸ್ ತಗೊಂಡೆ. ನೀವು... ನೀವು ಹೊರಡಬಹುದು.”

ಉಸಿರು ಒಂದು ಸಲ ದೀರ್ಘವಾಗಿ ಬಂತು. ಚಟಪಟ ನಿಂತಿತು. ಫೋನು ಬರೀ ಫೋನಾಯಿತು.

“ಸರಿ, ಹಾಕಿ ಇನ್ನು” ಎಂದರು ಸಾಹೇಬರು.

“ಇಲ್ಲ, ಸರ್. ಅದು ಈ ಲೈನಿನ ಮಾತಲ್ಲ.”

“ವಾಪಸ್ ತಗೊಂಡೆ ಅಂತ ಈಗ ತಾನೇ ಅಂದ್ರಲ್ಲ.”

“ಅದು ಬೇರೆಯವರದ್ದು.”

ಅವರಿಗೆ ತಲೆಬುಡ ತಿಳಿಯಲಿಲ್ಲ. ತಾವೇ ಬೋರ್ಡಿನ ಕಡೆ ಹೆಜ್ಜೆ ಹಾಕಿದರು. ಅವಳು ಅಡ್ಡ ಬಂದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

“ನಮ್ಮ ಅತ್ತೆ ಅದೇ ತಗ್ಗಿನ ಬೀದಿಯಲ್ಲಿದಾರೆ, ಸರ್. ಮಂಡಿ ನೋವು, ಓಡೋಕಾಗಲ್ಲ. ಆ ಪಂಪು ತಿರುಗಲಿ ಅಂತ ನನಗಿಂತ ಹೆಚ್ಚಾಗಿ ಯಾರಿಗೂ ಇಲ್ಲ. ಆದ್ರೂ ಹಾಕಲ್ಲ. ಅವರು ಬಂದು ಹೇಳೋವರೆಗೂ ಹಾಕಲ್ಲ.”

“ಅವನು ಬರದೇ ಇದ್ರೆ?”

ಫೋನು ಮತ್ತೆ ಬಾರಿಸಿತು, ಪಂಪ್‌ಹೌಸು. ಅದು ಬಾರಿಸುತ್ತಲೇ ಇತ್ತು. ಇಬ್ಬರೂ ಎತ್ತಲಿಲ್ಲ. ಅತ್ತೆಯ ಮಂಚ ಎಷ್ಟು ಎತ್ತರ ಎಂದು ಅವಳು ಮನಸ್ಸಿನಲ್ಲೇ ಅಳೆದಳು. ಮತ್ತೆ ಮತ್ತೆ ಅಳೆದಳು.

ಎಷ್ಟು ಹೊತ್ತೋ. ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ಏಣಿ ಹೊಸ್ತಿಲು ಹಿಡಿದುಕೊಂಡು ನಿಂತಿದ್ದ. ಹೆಲ್ಮೆಟ್ಟಿಲ್ಲ, ಒಂದು ಕಾಲಲ್ಲಿ ಬೂಟಿಲ್ಲ, ಮೊಣಕಾಲವರೆಗೂ ಕೆಸರು, ಮೊಣಕೈಯಿಂದ ರಕ್ತ. ಬಾಯಿ ತೆರೆದರೆ ಮಾತು ಬರಲಿಲ್ಲ. ಕೊನೆಗೆ ಬಂತು.

“ಚಪ್ಪಲಿ.”

“ಈಗೇನಯ್ಯ ಚಪ್ಪಲಿ” ಎಂದರು ಸಾಹೇಬರು ತಬ್ಬಿಬ್ಬಾಗಿ.

ಅವಳು ಆಗಲೇ ಬೋರ್ಡು ಕಿತ್ತಿದ್ದಳು. ಸ್ವಿಚ್ಚು ಬಿದ್ದ ಸದ್ದಿಗೆ ಮೀಟರಿನ ಮುಳ್ಳು ಎದ್ದು ನಿಂತಿತು. ದೂರದ ದಂಡೆಯ ಮೇಲೆ ಪಂಪುಗಳು ಹೊರಟವು. ಅವಳು ಇತ್ತ ತಿರುಗಿದಳು. ಎಲ್ಲರಿಗೂ ಹೇಳುವ ಆ ಮಾತನ್ನು ಅವನಿಗೆ ಹೇಳಲಾಗಲಿಲ್ಲ.

“ಕೂತ್ಕೊಳ್ಳಿ” ಎಂದಳು. “ಎಲ್ಲಿಗೂ ಹೋಗಬೇಡಿ.”

ಸಾಹೇಬರು ಪಂಪ್‌ಹೌಸಿಗೆಂದು ಓಡಿದ ಮೇಲೆ ಅವಳು ಅವನ ಮೊಣಕೈಗೆ ಬಟ್ಟೆ ಸುತ್ತುತ್ತಾ ಫೋನಿನ ವಿಷಯ ಹೇಳಿದಳು. ಆರು ವರ್ಷದ ಉಸಿರು, ‘ಆಯ್ತು’, ಮೆಣಸಿನಕಾಯಿ, ಎಲ್ಲ. ಅವನು ನಗಲಿಲ್ಲ, ಹುಬ್ಬೇರಿಸಲೂ ಇಲ್ಲ. ಆ ಕರೆ ಬಂದದ್ದು ಯಾವ ಹೊತ್ತಿಗೆ ಎಂದಷ್ಟೇ ಕೇಳಿದ. ಸಾಹೇಬರು ಬಂದ ತಕ್ಷಣವೇ ಎಂದಳು.

“ಆಗ ನಾನಿನ್ನೂ ಕಂಬದ ಮೇಲಿದ್ದೆ” ಎಂದ ಏಣಿ. “ತಂತಿ ಎರಡೂ ಕೈಯಲ್ಲಿತ್ತು. ಇನ್ನೊಂದು ಕೊಂಬೆ ಬಿತ್ತು, ಅದನ್ನ ಬಿಡಿಸ್ತಿದ್ದೆ.”

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನು ತನ್ನ ಒದ್ದೆ ಕೈಯನ್ನು ಅವಳ ಕೈಮೇಲಿಟ್ಟ, ಹಿಡಿಯಲಿಲ್ಲ, ಸುಮ್ಮನೆ ಇಟ್ಟ.

“ಅವರು ನನಗಿಂತ ಸೀನಿಯರ್. ಮೊದಲು ಅವರದ್ದು ವಾಪಸ್ ಆಗಬೇಕಿತ್ತು. ಆಯ್ತಲ್ಲ.”

ಮನೆಯಲ್ಲಿ ನೀರು ಮಂಚದ ಕಾಲಿನ ಅರ್ಧಕ್ಕೆ ಬಂದು ಇಳಿದಿತ್ತು. ಅತ್ತೆಯನ್ನು ಪಕ್ಕದ ಮನೆಯವರು ಮೇಜಿನ ಮೇಲೆ ಕೂರಿಸಿದ್ದರು. ಸೊಸೆ ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. “ಮೆಣಸಿನಕಾಯಿ ಅಂದ್ನಾ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಗಲು ಹೋಗಿ ಅತ್ತರು. ಆಮೇಲೆ ಬಾಗಿಲ ಹೊರಗೆ ಕೆಸರಿನಲ್ಲಿ ನಿಂತಿದ್ದ ಉದ್ದನೆಯ ಮನುಷ್ಯನನ್ನು ನೋಡಿ, “ಒಳಗೆ ಬಾರಪ್ಪ, ತಲೆ ಜೋಪಾನ” ಎಂದರು.

ಎರಡು ದಿನ ಬರೀ ಬಿಸಿಲು. ಊರು ಕೆಸರು ತೊಳೆಯಿತು, ಹಾಸಿಗೆ ಒಣಹಾಕಿತು. ಮೂರನೇ ದಿನ ಮಧ್ಯಾಹ್ನ ಮತ್ತೆ ಗುಡುಗಿತು. ಅವಳು ಅಭ್ಯಾಸದಂತೆ ಫೋನಿನ ಕಡೆ ತಿರುಗಿದಳು. ಅದು ಅರ್ಧವೂ ಬಾರಿಸಲಿಲ್ಲ. ಅವಳೇ ಎತ್ತಿ ಕಿವಿಗಿಟ್ಟುಕೊಂಡಳು. ಉಸಿರಿಲ್ಲ. ಎಷ್ಟೋ ಬೇಸಿಗೆಗಳಿಂದ ಜೊತೆಗಿದ್ದ ಆ ಭಯ ಈಗ ಇರಲಿಲ್ಲ. ಅದೂ ಹೋಯಿತಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು. ಗಂಡ ಸತ್ತ ದಿನ ಅಳದವಳು ಅವತ್ತು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಏಣಿ ಲೈನ್ ಕ್ಲಿಯರಿಗೆ ಬಂದವನು ಅವಳನ್ನು ಕಂಡು ಎದುರಿಗೆ ಕೂತ. ಸಮಾಧಾನ ಹೇಳಲಿಲ್ಲ. ಅವಳು ಮುಖ ಒರೆಸಿಕೊಳ್ಳುವವರೆಗೂ ಕೂತಿದ್ದ.

“ಇನ್ನು ಅವರು ಮಾಡಲ್ಲ” ಎಂದಳು.

“ನಾನು ಮಾಡ್ತೀನಿ.”

“ಅದೇ ನನಗೆ ಭಯ. ನೀವು ಬೇಕು ನನಗೆ. ಬೇಡ ಅಂತ ಎಷ್ಟು ಹೇಳ್ಕೊಂಡ್ರೂ ಬೇಕು. ನೀವು ಕಂಬದ ಮೇಲಿದ್ದಷ್ಟು ಹೊತ್ತು ನನ್ನ ಜೀವ ನನ್ನ ಹತ್ತಿರ ಇರಲ್ಲ.”

ಅವನ ಕಣ್ಣು ಈ ಸಲ ಬೇರೆಡೆಗೆ ಹೋಗಲಿಲ್ಲ. “ಕಂಬ ಬಿಡು ಅಂದ್ರೆ ಬಿಡ್ತೀನಿ” ಎಂದ.

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಮೊದಲ ಹನಿಗಳು ಬಿದ್ದು ಕಾದ ಜಲ್ಲಿ ಚುರ್ ಎನ್ನುತ್ತಿತ್ತು. “ಬೇಡ” ಎಂದಳು. “ಇಳಿದ ತಕ್ಷಣ ಫೋನ್ ಮಾಡಿ. ಮರದ ಕೆಳಗೆ ನಿಲ್ಲಬೇಡಿ.” ಎದ್ದು ಹೋಗಿ ಸ್ವಿಚ್ಚು ಎಳೆದಳು, ಬೋರ್ಡು ಹಾಕಿದಳು, ಬಾಗಿಲವರೆಗೆ ಬಂದು ಅವನ ಕಿವಿಯಲ್ಲಿ ಇವತ್ತಿನ ಮಾತು ಹೇಳಿದಳು. ಅದೇನೆಂದು ನಮಗೆ ತಿಳಿಯದು. ಏಣಿಯ ಮುಖ ಕಿವಿಯವರೆಗೂ ಕೆಂಪಾದದ್ದು ಮಾತ್ರ ಅಂಗಳದಲ್ಲಿ ನಿಂತವರೆಲ್ಲ ನೋಡಿದರು.

ಮಳೆ ಜೋರಾಯಿತು. ಅವಳು ಫೋನಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಅದು ಬಾರಿಸಿದಾಗ ಒಂದು ಗಳಿಗೆ ತಡೆದು ಎತ್ತಿದಳು. ಚಟಪಟದೊಳಗೆ ಬೇರೆ ಯಾರದಾದರೂ ಉಸಿರಿದೆಯೇ ಎಂದು ಕಿವಿಗೊಟ್ಟಳು. ಒಬ್ಬನದೇ ಇತ್ತು.

“ನಾನೇ. ಇಳಿದಿದೀನಿ” ಎಂದು ಅವನು ಆ ಮಾತು ಹೇಳಿದ.

“ಇನ್ನೊಂದು ಸಲ ಹೇಳಿ.”

“ರೂಲ್ಸ್ ಪ್ರಕಾರ ಒಂದೇ ಸಲ ಸಾಕು, ಮೇಡಂ.”

“ಹೇಳಿ ಅಂದೆ.”

ಅವನು ಹೇಳಿದ.